ರತ್ನಕ್ಕನ ಎರಡು ಬಲ್ಬು

ಅಮೃತಹಳ್ಳಿಯಲ್ಲಿ ಬ್ಯಾಟರಾಯಪ್ಪನವರ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಗೂಡಿದೆ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಅಲ್ಲಿ ಹನ್ನೊಂದು ವರ್ಷದಿಂದ ಕೂತು ಇನ್ವರ್ಟರ್ ರಿಪೇರಿ ಮಾಡುತ್ತಿರುವವಳು ರತ್ನಕ್ಕ. ವಯಸ್ಸು ಐವತ್ತನಾಲ್ಕು, ಹುಟ್ಟೂರು ರಾಜಾನುಕುಂಟೆಯ ಪಕ್ಕ. ಬಂದ ಗಿರಾಕಿಗಳು ಒಳಗೆ ಇಣುಕಿ, "ರಿಪೇರಿಯವರು ಎಲ್ಲಿ ಹೋದ್ರು?" ಎಂದು ಅವಳನ್ನೇ ಕೇಳುತ್ತಾರೆ. ಮೊದಮೊದಲು ಅವಳು "ನಾನೇ" ಎನ್ನುತ್ತಿದ್ದಳು. ಈಗ ಆ ಉಸಾಬರಿ ಬಿಟ್ಟಿದ್ದಾಳೆ. ಕೈ ಚಾಚಿ ಬೋರ್ಡು ಇಸಿದುಕೊಂಡು ಬಿಚ್ಚಲು ಶುರು ಮಾಡುತ್ತಾಳೆ, ಕೇಳಿದವರು ತಾವೇ ಅರ್ಥ ಮಾಡಿಕೊಳ್ಳಬೇಕು.

ಕಳೆದ ಆಗಸ್ಟಿನಲ್ಲಿ ಈ ರತ್ನಕ್ಕನ ಮುಂದೆ ಟೈಪು ಮಾಡಿದ ಒಂದು ಕಾಗದ ಬಂತು. 'ಈ ಕಟ್ಟಡದ ಇನ್ವರ್ಟರನ್ನು ನಾನು ತಿಳಿವಳಿಕೆಯಿಲ್ಲದೆ ತಪ್ಪಾಗಿ ಹೊಂದಿಸಿದ್ದರಿಂದ ಎರಡು ಹೊಲಿಗೆ ಯಂತ್ರಗಳ ಮೋಟರು ಸುಟ್ಟಿವೆ. ಇನ್ನು ಮುಂದೆ ನಾನು ಅದನ್ನು ಮುಟ್ಟುವುದಿಲ್ಲ.' ಅದರ ಕೆಳಗೆ ಸಹಿಗೆಂದು ನಾಲ್ಕು ಬೆರಳಗಲ ಖಾಲಿ ಜಾಗ.

ಕಾಗದ ತಂದವರು ಸ್ವತಃ ಬ್ಯಾಟರಾಯಪ್ಪನವರು. "ಒಂದ್ ಸೈನ್ ಆಕ್ಬುಡವ್ವ," ಎಂದರು. "ಕಂಪನಿಯೋರು ಒಸಾ ಇನ್ವರ್ಟ್ರು ಕೊಡ್ತಾರಂತೆ. ನಿನ್ ಅಂಗ್ಡಿ ನಿನಗೇ ಇರ್ತದೆ. ನಿನ್ನ ಯಾರೂ ಏನೂ ಕೇಳಾಕಿಲ್ಲ."

"ಆಕ್ದೇ ಓದ್ರೆ ಅಣ್ಣ?"

"ಆಕ್ದೇ ಓದ್ರೆ ಬೇರೆ ಜಾಗ ನೋಡ್ಕೊ. ಭಾನುವಾರದ್ ಗಂಟ ಟೈಮು."

ಬ್ಯಾಟರಾಯಪ್ಪನವರು ಕೆಟ್ಟವರೆಂದು ಯಾರೂ ಹೇಳಬಾರದು. ಆ ಕಟ್ಟಡ ನಿಂತಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಹೆಂಗಸು ಇನ್ವರ್ಟರ್ ರಿಪೇರಿ ಮಾಡುತ್ತಾಳೆಂದರೆ ಇಡೀ ಸಹಕಾರನಗರದಲ್ಲಿ ಒಬ್ಬರೂ ಅಂಗಡಿ ಕೊಡದಿದ್ದಾಗ, 'ಮೆಟ್ಲು ಕೆಳಗೆ ಕೂತ್ಕೊ ಓಗು' ಎಂದವರು ಅವರೇ. ಆ ಋಣದ ಭಾರವೇ ರತ್ನಕ್ಕನಿಗೆ ಹೆಚ್ಚು ಸಂಕಟ ಕೊಟ್ಟಿತು. ಬೈದವರಿಗೆ ತಿರುಗಿ ಬೈಯುವುದು ಸುಲಭ. ಉಪಕಾರ ಮಾಡಿದವರ ಮುಂದೆ 'ಆಗೋದಿಲ್ಲ' ಎನ್ನುವುದು ಕಷ್ಟ.

ನಡೆದದ್ದು ಇಷ್ಟು. ಎರಡನೇ ಮಹಡಿಯಲ್ಲಿ ರುಮಾನಾ ಎಂಬಾಕೆ ಶಾಲೆ ಯೂನಿಫಾರ್ಮು ಹೊಲಿಸುತ್ತಾಳೆ. ಆರು ಮಿಷನ್ನು, ಆರು ಜನ ಹೆಂಗಸರು. ಕರೆಂಟು ಹೋದಾಗ ಮಿಷನ್ನುಗಳು ಕಟ್ಟಡದ ಇನ್ವರ್ಟರಿನಲ್ಲಿ ಓಡುತ್ತವೆ. ನಾಲ್ಕು ವರ್ಷ ಆ ಇನ್ವರ್ಟರನ್ನು ನೋಡಿಕೊಂಡವಳು ರತ್ನಕ್ಕ, ಒಂದು ಮೋಟರೂ ಬಿಸಿಯಾಗಿರಲಿಲ್ಲ. ಈ ವರ್ಷ ಬ್ಯಾಟರಾಯಪ್ಪನವರು ಜಕ್ಕೂರಿನ ತಮ್ಮ ಹೊಸ ಕಟ್ಟಡಕ್ಕೆ ಒಂದು ಕಂಪನಿಯಿಂದ ಇನ್ವರ್ಟರು ಕೊಂಡರು. ಜೊತೆಗೆ ಅಮೃತಹಳ್ಳಿಯ ಹಳೆಯದರ ಉಸ್ತುವಾರಿಯನ್ನೂ ಅವರಿಗೇ ವಹಿಸಿದರು. ಜೂನಿನಲ್ಲಿ ಕಂಪನಿಯ ಸರ್ವಿಸ್ ಎಂಜಿನಿಯರ್ ಗುರುಚರಣ್ ಬಂದ. ಇಪ್ಪತ್ತಾರರ ಹುಡುಗ, ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಗುರುತಿನ ಚೀಟಿ. ಇನ್ವರ್ಟರಿನ ಔಟ್‌ಪುಟ್ಟಿಗೆ ಮೀಟರು ಹಿಡಿದ. ಅದು ನೂರ ತೊಂಬತ್ತು ವೋಲ್ಟು ತೋರಿಸಿತು. "ಯಾರ್ ಸಾರ್ ಇದನ್ನ ನೋಡ್ಕೊಳ್ತಿದ್ದಿದ್ದು? ಇಷ್ಟು ಲೋ ಇಟ್ಟಿದ್ದಾರಲ್ಲ!" ಎಂದು ನಕ್ಕು, ಒಳಗಿನ ಸಣ್ಣ ನೀಲಿ ತಿರುಪನ್ನು ತಿರುಗಿಸಿ ಮೀಟರಿನಲ್ಲಿ ಇನ್ನೂರ ಮೂವತ್ತು ಬರುವಂತೆ ಮಾಡಿದ. ತಿರುಪಿನ ಮೇಲೆ ಕಂಪನಿಯ ಸೀಲು ಅಂಟಿಸಿ ಹೋದ.

ಜುಲೈನಲ್ಲಿ ರಸ್ತೆ ಅಗೆದು ಕೇಬಲ್ ಹಾಕಿದರು. ದಿನಕ್ಕೆ ನಾಲ್ಕೈದು ಗಂಟೆ ಮಿಷನ್ನುಗಳು ಇನ್ವರ್ಟರಿನಲ್ಲೇ ಓಡಿದವು. ಎರಡು ಮೋಟರು ಸುಟ್ಟು ಕಮಟು ವಾಸನೆ ಇಡೀ ಕಟ್ಟಡಕ್ಕೆ ಹಬ್ಬಿತು. ಗುರುಚರಣ್ ಮತ್ತೆ ಬಂದ, ಮತ್ತೆ ಮೀಟರು ಹಿಡಿದ. ಇನ್ನೂರ ಮೂವತ್ತು ಸರಿಯಾಗಿಯೇ ಇತ್ತು. ಹಾಗಾದರೆ ಹಿಂದೆ ಕೈ ಹಾಕಿದವರೇ ಬೋರ್ಡು ಕೆಡಿಸಿರಬೇಕು ಎಂದು ವರದಿ ಬರೆದ. ರತ್ನಕ್ಕನ ತಲೆಯ ಮೇಲೆ ಗೂಬೆ ಕೂರಿಸಿ ಕಂಪನಿ ಕೈ ತೊಳೆದುಕೊಂಡಿತು. ಅವಳು ತಪ್ಪೊಪ್ಪಿ ಸಹಿ ಹಾಕಿದರೆ ಮಾತ್ರ ಹೊಸ ಇನ್ವರ್ಟರು ಕೊಡುವುದಾಗಿ ಬ್ಯಾಟರಾಯಪ್ಪನವರಿಗೆ ಹೇಳಿತು.

ಕಾಗದದ ವಿಷಯ ಮನೆಯಲ್ಲಿ ಹೇಳಿದಾಗ ಗಂಡ ಲಕ್ಕಣ್ಣ ಅಂದ, "ಒಂದ್ ಸೈನ್ ತಾನೆ, ಗೀಚ್ ಕೊಡು. ಯಾರ್ ಓದ್ತಾರೆ ಅದನ್ನ?"

"ನಾನ್ ಓದಿದೀನಲ್ಲ," ಎಂದಳು ರತ್ನಕ್ಕ.

ಅವಳ ಸಿಟ್ಟು ಅರ್ಥವಾಗಬೇಕಾದರೆ ಅವಳು ಆ ನೀಲಿ ತಿರುಪನ್ನು ಕಲಿತದ್ದು ಹೇಗೆಂದು ತಿಳಿಯಬೇಕು. ಇಪ್ಪತ್ತೈದನೇ ವಯಸ್ಸಿಗೆ ಯಶವಂತಪುರದ ಒಂದು ಸಣ್ಣ ಇನ್ವರ್ಟರ್ ಕಾರ್ಖಾನೆಗೆ ಸೇರಿ ಹದಿನಾರು ವರ್ಷ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತಿದವಳು ಅವಳು. ಸುತ್ತುವುದು ಹೆಂಗಸರ ಕೆಲಸ, ಪರೀಕ್ಷೆ ಮಾಡುವುದು ಗಂಡಸರ ಕೆಲಸ. ಟೆಸ್ಟಿಂಗ್ ಮೇಜಿನ ಹತ್ತಿರ ಹೆಂಗಸರು ಕಸ ಗುಡಿಸಲು ಮಾತ್ರ ಹೋಗಬಹುದಿತ್ತು. ರತ್ನಕ್ಕ ಗುಡಿಸುವ ಸರದಿಯನ್ನು ಬೇರೆಯವರಿಂದ ಕೇಳಿ ಕೇಳಿ ಇಸಿದುಕೊಳ್ಳುತ್ತಿದ್ದಳು. ಅಷ್ಟು ಚೊಕ್ಕಟ ನೆಲ ಆ ಕಾರ್ಖಾನೆಗೆ ಆಮೇಲೆ ಎಂದೂ ಸಿಗಲಿಲ್ಲ.

ಟೆಸ್ಟಿಂಗಿನ ವಿಶ್ವನಾಥ ಅವರಿಗೆ ಇದು ಗೊತ್ತಾಯಿತು. ನಿವೃತ್ತಿಗೆ ಆರು ತಿಂಗಳಿದ್ದ ಆ ಮನುಷ್ಯ ಒಂದು ದಿನ ಊಟದ ಹೊತ್ತಿನಲ್ಲಿ ಅವಳನ್ನು ಕರೆಂಟಿನ ಅಲೆ ತೋರಿಸುವ ಯಂತ್ರದ ಪರದೆಯ ಮುಂದೆ ಕೂರಿಸಿದರು. ಲೈನಿನ ಕರೆಂಟನ್ನು ತೋರಿಸಿದರು. ಅದು ನುಣ್ಣಗೆ ಏರಿ ನುಣ್ಣಗೆ ಇಳಿಯುತ್ತಿತ್ತು. ಆಮೇಲೆ ಇನ್ವರ್ಟರಿನದ್ದು ತೋರಿಸಿದರು. ಪಕ್ಕಪಕ್ಕದಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಚೌಕ ಚೌಕ, ನಡುನಡುವೆ ಸಂದು.

"ನೋಡಮ್ಮ ರತ್ನಾ," ಎಂದರು, "ಒಂದೊಂದು ಚೌಕಾನೂ ಒಂದೊಂದು ಪಲ್ಸು. ಬ್ಯಾಟರಿ ಕರೆಂಟನ್ನ ಇದು ಸೆಕೆಂಡಿಗೆ ನೂರು ಸಲ ಬಿಟ್ಟು ಬಿಟ್ಟು ಕಳಿಸ್ತದೆ, ಒಂದ್ಸಲ ಈ ಕಡೆಗೆ, ಒಂದ್ಸಲ ಆ ಕಡೆಗೆ. ಪಲ್ಸಿಗೆ ಎತ್ತರ ಇದೆ, ಅಗಲ ಇದೆ. ಎತ್ತರ ಅಂದ್ರೆ ಎಷ್ಟು ಜೋರು, ಅಗಲ ಅಂದ್ರೆ ಎಷ್ಟು ಹೊತ್ತು. ಬ್ಯಾಟರಿ ಇಳೀತಾ ಇಳೀತಾ ಎತ್ತರ ಕುಗ್ಗುತ್ತೆ. ಆಗ ಏನ್ ಮಾಡ್ಬೇಕು ಹೇಳು?"

"ಒಲೆ ಉರಿ ಸಣ್ಣ ಆದ್ರೆ ಆಲು ಕಾಯೋಕೆ ಜಾಸ್ತಿ ಒತ್ತು ಇಡ್ಬೇಕು," ಎಂದಳು ರತ್ನಕ್ಕ.

"ಇದನ್ನ ನಮ್ಮ ಡಿಪ್ಲೊಮಾ ಹುಡುಗ್ರಿಗೆ ಹೇಳೋಕೆ ನನಗೆ ಒಂದು ವಾರ ಹಿಡೀತಿತ್ತು," ಎಂದರಂತೆ ವಿಶ್ವನಾಥ ಅವರು. ಬೋರ್ಡಿನ ಮೇಲಿನ ನೀಲಿ ತಿರುಪು ಆ ಅಗಲವನ್ನೇ ಹೊಂದಿಸುವುದು ಎಂದು ತೋರಿಸಿದರು. ಅಗಲ ಎಷ್ಟಿರಬೇಕೆಂದು ತಿರುಪಿನಲ್ಲಿ ಒಮ್ಮೆ ಸರಿಯಾಗಿ ಇಟ್ಟರೆ, ಬ್ಯಾಟರಿ ಇಳಿದಂತೆ ಬೋರ್ಡೇ ಅದನ್ನು ಹಿಗ್ಗಿಸಿಕೊಂಡು ಹೋಗುತ್ತದೆ.

ಕಾರ್ಖಾನೆ ಮುಚ್ಚಿದ ಮೇಲೆ ರತ್ನಕ್ಕ ಅಂಗಡಿ ಇಟ್ಟಳು, ಒಂದು ಹಳದಿ ಮೀಟರು ಕೊಂಡಳು. ಈ ಕಸುಬಿನಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಮೀಟರಿನಲ್ಲಿ ಇನ್ನೂರ ಮೂವತ್ತು ಬರುವವರೆಗೂ ತಿರುಪು ತಿರುಗಿಸುವುದು, ಮುಚ್ಚಳ ಹಾಕುವುದು, ದುಡ್ಡು ಇಸಿದುಕೊಳ್ಳುವುದು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ವಿದ್ಯಾರಣ್ಯಪುರದ ಗೋದಾ ಟೀಚರು ಫೋನು ಮಾಡಿದರು. "ನಿಮ್ಮ ಕೈ ಬಿದ್ದ ಮೇಲೆ ನಮ್ಮನೆ ಫ್ಯಾನು ಗುಂಯ್ ಅಂತಿದೆ ಕಣ್ರೀ. ಬಚ್ಚಲು ಮನೆ ಬಲ್ಬು ಕರೆಂಟಿದ್ದಾಗ ಒಂಥರಾ ಉರಿಯತ್ತೆ, ಕರೆಂಟು ಹೋದ್ರೆ ಇನ್ನೂ ಜೋರಾಗಿ ಉರಿಯತ್ತೆ. ಇದ್ಯಾವ ನ್ಯಾಯ?"

ರತ್ನಕ್ಕ ಹೋಗಿ ನೋಡಿದಳು. ಹಳೇ ಕಾಲದ ತಂತಿ ಬಲ್ಬು ಅದು. ಮೀಟರು ಎರಡಕ್ಕೂ ಇನ್ನೂರ ಮೂವತ್ತು ಎನ್ನುತ್ತಿತ್ತು, ಬಲ್ಬು ಒಪ್ಪುತ್ತಿರಲಿಲ್ಲ. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಮೀಟರು ಎತ್ತಿಕೊಂಡು ಯಶವಂತಪುರಕ್ಕೆ ವಿಶ್ವನಾಥ ಅವರ ಮನೆಗೇ ಹೋದಳು.

"ಅಯ್ಯೋ, ಇದನ್ನ ನಾನು ಹೇಳ್ಲೇ ಇಲ್ವಾ?" ಎಂದು ಆ ಮುದುಕರು ಹಣೆ ಚಚ್ಚಿಕೊಂಡರು. "ಈ ಸೋವಿ ಮೀಟರು ಲೈನಿನ ಕರೆಂಟಿಗೆ ಮಾಡಿರೋದು. ಬಂದಿದ್ದರ ಸರಾಸರಿ ತಗೊಂಡು, ಇದೂ ಲೈನಿನ ಥರಾನೇ ನುಣ್ಣಗಿದೆ ಅಂತ ನಂಬ್ಕೊಂಡು ಅಂಕಿ ತೋರ್ಸತ್ತೆ. ಚೌಕದ ಪಲ್ಸು ಕೊಟ್ರೆ ಮೋಸ ಹೋಗತ್ತೆ, ಇರೋದಕ್ಕಿಂತ ಕಮ್ಮಿ ಹೇಳತ್ತೆ. ಅದನ್ನ ನಂಬಿ ನೀನು ಅಗಲ ಜಾಸ್ತಿ ಮಾಡಿದ್ರೆ ಒಳಗೆ ಇನ್ನೂರೈವತ್ತರ ಮೇಲೆ ಹೋಗಿರತ್ತೆ. ಬಲ್ಬು ಹಾಗಲ್ಲ. ಅದರ ತಂತಿಗೆ ಎಷ್ಟು ಬಿಸಿ ಹೋಗತ್ತೋ ಅಷ್ಟೇ ಬೆಳಕು ಕೊಡತ್ತೆ. ಮೋಟರು ಬಿಸಿಯಾಗೋದೂ ಅದರಿಂದಲೇ."

ಬೇರೆಯವರಾಗಿದ್ದರೆ ಇನ್ನು ಮುಂದೆ ಸರಿಯಾಗಿ ಮಾಡೋಣ ಎಂದುಕೊಂಡು ಸುಮ್ಮನಾಗುತ್ತಿದ್ದರು. ರತ್ನಕ್ಕ ಎರಡು ವರ್ಷದಲ್ಲಿ ತಾನು ತಿರುಪು ತಿರುಗಿಸಿದ ಮನೆಗಳನ್ನೆಲ್ಲ ನೆನಪು ಮಾಡಿಕೊಂಡಳು. ನಲವತ್ತಮೂರು ಮನೆ. ಬೆಳಕು ಹೋಲಿಸಲೆಂದು ಎರಡು ಬಲ್ಬನ್ನು ಹಳೆ ಸೀರೆ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಒಂದೊಂದೇ ಬಾಗಿಲು ತಟ್ಟಿ, "ನಾನ್ ತಪ್ಪು ಮಾಡಿದೀನಿ, ಸರಿ ಮಾಡ್ಕೊಟ್ಟು ಓಯ್ತೀನಿ, ದುಡ್ಡು ಬ್ಯಾಡ" ಎಂದಳು. ಕೆಲವರು ಕಾಫಿ ಕೊಟ್ಟರು. ಒಬ್ಬರು ಬಾಗಿಲು ಮುಖದ ಮೇಲೇ ಹಾಕಿದರು, ಅವಳು ಮರುದಿನ ಮತ್ತೆ ಹೋದಳು. ಇನ್ನೊಬ್ಬರು, "ಮೊದಲೇ ಗೊತ್ತಿತ್ತು, ಹೆಂಗಸಿನ ಕೈಗೆ ಕೊಟ್ರೆ ಇಷ್ಟೇ," ಎಂದರು. ಅದನ್ನೂ ನುಂಗಿಕೊಂಡು ತಿರುಪು ಸರಿ ಮಾಡಿಯೇ ಬಂದಳು. ಅಂದಿನಿಂದ ಅವಳ ಕೆಲಸದಲ್ಲಿ ಕೊನೆಯ ಮಾತು ಬಲ್ಬಿನದು, ಮೀಟರಿನದಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ರುಮಾನಾಳ ಮಹಡಿಯಲ್ಲಿ ಸೇರಿದರು. ಯೂನಿಫಾರ್ಮಿನ ತುರ್ತು ಇದ್ದುದರಿಂದ ಆರು ಜನ ಹೆಂಗಸರೂ ಕೆಲಸಕ್ಕೆ ಬಂದಿದ್ದರು. ಗುರುಚರಣ್ ಗೋಡೆಗೆ ಒರಗಿ ನಿಂತಿದ್ದ.

"ಪೆನ್ ತಂದಿದೀಯೇನವ್ವ?" ಎಂದರು ಬ್ಯಾಟರಾಯಪ್ಪನವರು.

"ಬಲ್ಬ್ ತಂದಿದೀನಿ ಅಣ್ಣ," ಎಂದಳು ರತ್ನಕ್ಕ.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಎರಡು ಹೋಲ್ಡರು ಇಟ್ಟಳು. ಒಂದಕ್ಕೆ ನೇರ ಲೈನಿನ ಕರೆಂಟು, ಇನ್ನೊಂದಕ್ಕೆ ಬ್ಯಾಟರಿಯ ಮೇಲೆ ಓಡಿಸಿದ ಇನ್ವರ್ಟರಿನದು. ರುಮಾನಾಳ ಇಂಚು ಟೇಪು ಇಸಿದುಕೊಂಡು ಎರಡರ ನಡುವೆ ನಾಲ್ಕಡಿ ಅಳೆದು, ಸರಿಯಾಗಿ ಮಧ್ಯಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಹೆಂಗಸರು ಕಿಟಕಿಗಳಿಗೆ ನೀಲಿ ಬಟ್ಟೆಯ ಥಾನು ಇಳಿಬಿಟ್ಟರು. ಅವರಿಗೆ ಇದು ಕೆಲಸದ ದಿನದಲ್ಲಿ ಸಿಕ್ಕ ತಮಾಷೆ. ರತ್ನಕ್ಕ ಮಾತ್ರ ನಗದೆ ಎರಡೂ ಬಲ್ಬನ್ನು ಒರೆಸಿ ಹೋಲ್ಡರಿಗೆ ಹಾಕಿದಳು.

"ಮೇಡಂ, ಇದೆಲ್ಲ ಯಾಕೆ? ಮೀಟರಲ್ಲೇ ಕ್ಲಿಯರ್ ಆಗಿದೆ," ಎಂದ ಗುರುಚರಣ್.

"ಮೀಟ್ರೂ ಇರ್ಲಿ. ನೀನೇ ಇಡ್ಕೊಂಡು ಓದು." ಅವನು ಓದಿದ. ಲೈನು ಇನ್ನೂರ ಇಪ್ಪತ್ತೆಂಟು, ಇನ್ವರ್ಟರು ಇನ್ನೂರ ಮೂವತ್ತು. ಬಹುತೇಕ ಒಂದೇ.

"ಈಗ ಎಲ್ಲಣ್ಣ ಆ ಕಾಗ್ದ?" ಎಂದಳು ರತ್ನಕ್ಕ.

ಬ್ಯಾಟರಾಯಪ್ಪನವರ ಮುಖ ಅರಳಿತು. ಅಂತೂ ದಾರಿಗೆ ಬಂದಳು ಎಂದುಕೊಂಡು ಜೇಬಿನಿಂದ ಕಾಗದ ತೆಗೆದು ಕೊಟ್ಟರು. ರತ್ನಕ್ಕ ಅದನ್ನು ಮೇಜಿನ ಮೇಲೆ ಹರಡಿದಳು. ಪಕ್ಕದ ಮಿಷನ್ನಿನ ಎಣ್ಣೆ ಡಬ್ಬಿ ಎತ್ತಿಕೊಂಡು, ಸಹಿ ಹಾಕಬೇಕಾದ ಜಾಗಕ್ಕೆ ಸರಿಯಾಗಿ ಒಂದು ತೊಟ್ಟು ಬಿಟ್ಟಳು.

"ಏಯ್! ಏನ್ ಮಾಡ್ತಿದೀಯ?" ಎಂದು ಬ್ಯಾಟರಾಯಪ್ಪನವರು ಕೂಗಿದರು.

"ಪರೀಕ್ಷೆ." ಎಣ್ಣೆ ಹೀರಿದ ಕಾಗದವನ್ನು ಗೆರೆಯ ಮೇಲೆ ನೆಟ್ಟಗೆ ಹಿಡಿದಳು. ಈ ಕಡೆ ಲೈನಿನ ಬಲ್ಬು, ಆ ಕಡೆ ಇನ್ವರ್ಟರಿನ ಬಲ್ಬು. "ಎಲ್ರೂ ಲೈನ್ ಬಲ್ಬಿನ ಕಡೆ ಬಂದು ನೋಡ್ರಿ. ಎರಡೂ ಬೆಳಕು ಸಮ ಇದ್ರೆ ಎಣ್ಣೆ ಬೊಟ್ಟು ಕಾಣಾಕಿಲ್ಲ. ಆ ಕಡೇದು ಜಾಸ್ತಿ ಇದ್ರೆ ಬೊಟ್ಟು ಒಳೀತದೆ."

ಬೊಟ್ಟು ಹೊಳೆಯುತ್ತಿತ್ತು. ಅದರ ಸುತ್ತ ಇದ್ದ ಅಕ್ಷರಗಳೆಲ್ಲ ಮಂಕಾಗಿ, ಸಹಿಯ ಜಾಗವೊಂದೇ ದುಂಡಗೆ ಬೆಳಗುತ್ತಿತ್ತು.

"ಒಂದು ಬಲ್ಬೇ ಸ್ಟ್ರಾಂಗ್ ಇರ್ಬೋದು," ಎಂದ ಗುರುಚರಣ್. ಆ ಮಾತು ರತ್ನಕ್ಕನಿಗೆ ಹಿಡಿಸಿತು. ಅನುಮಾನ ಪಡುವವನಿಗೆ ತಲೆ ಇದೆ ಎಂದಾಯಿತು. "ಅದಲ್ ಬದಲ್ ಮಾಡಪ್ಪ," ಎಂದಳು. ಅವನು ಕರ್ಚೀಫಿನಲ್ಲಿ ಬಿಸಿ ಬಲ್ಬುಗಳನ್ನು ಬಿಚ್ಚಿ ಅತ್ತಿದ್ದನ್ನು ಇತ್ತ ಹಾಕಿದ. ಬೊಟ್ಟು ಹಾಗೇ ಹೊಳೆಯಿತು.

"ಕಣ್ಣಳತೆ ಹೇಗೆ ನಂಬೋದು ಮೇಡಂ?"

ಅದಕ್ಕೆ ಉತ್ತರ ಕೊಟ್ಟವಳು ರುಮಾನಾ. "ಅರೆ, ದಿನಾ ಬಟ್ಟೆಗೆ ದಾರ ಮ್ಯಾಚ್ ಮಾಡೋರು ಸಾರ್ ನಾವು. ಒಂದು ಶೇಡ್ ಹೆಚ್ಚುಕಮ್ಮಿ ಆದ್ರೆ ಶಾಲೆಯೋರು ಇಡೀ ಲಾಟ್ ವಾಪಸ್ ಹಾಕ್ತಾರೆ. ನಮ್ಮ ಕಣ್ಣಿಗೆ ಸರ್ಟಿಫಿಕೇಟ್ ಬೇಕಾ ನಿಮ್ಗೆ?" ಹೆಂಗಸರು ಗೊಳ್ಳೆಂದು ನಕ್ಕರು.

"ಸೀಲು ನೀನೇ ಕೀಳು, ತಿರುಪು ನೀನೇ ತಿರುಗ್ಸು," ಎಂದಳು ರತ್ನಕ್ಕ. "ನಾನ್ ಮುಟ್ಟಾಕಿಲ್ಲ. ಆಮೇಲೆ ನಾನೇ ಕೆಡಿಸ್ದೆ ಅಂತೀರ."

ಗುರುಚರಣ್ ಒಂದು ಗಳಿಗೆ ಹಿಂದೆ ಮುಂದೆ ನೋಡಿ ಸೀಲು ಕಿತ್ತ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ರುಮಾನಾ ಕಾಗದದ ಮುಂದೆ ಬಗ್ಗಿ ನಿಂತು, "ಇನ್ನೂ ಕಮ್ಮಿ... ಇನ್ನೂ..." ಎನ್ನುತ್ತಿದ್ದಳು. ಬೊಟ್ಟು ಮಸುಕಾಯಿತು, ಅಂಚು ಕರಗಿತು. "ಬಸ್! ಹೋಯ್ತು ನೋಡಿ!"

ಕಾಗದ ಒಂದೇ ಸಮ ಬೆಳ್ಳಗಿತ್ತು. ಗುರುಚರಣ್ ಇನ್ವರ್ಟರಿಗೆ ಮೀಟರು ಹಿಡಿದ. ಯಾರೂ ಕೇಳದೆ ಗಟ್ಟಿಯಾಗಿ ಓದಿದ. "ನೂರ ಎಂಬತ್ತೊಂಬತ್ತು." ಜೂನಿನಲ್ಲಿ ಅವನು ನೋಡಿ ನಕ್ಕಿದ್ದ ಅಂಕಿ ಹೆಚ್ಚುಕಡಿಮೆ ಅದೇ. ಅವನು ಮೀಟರನ್ನೂ ಬಲ್ಬನ್ನೂ ಮತ್ತೆ ಮತ್ತೆ ನೋಡಿದ. ಚೌಕದ ಪಲ್ಸು, ಸರಾಸರಿ, ಮೀಟರು ಮೋಸ ಹೋಗುವ ಬಗೆ, ಇದನ್ನೆಲ್ಲ ರತ್ನಕ್ಕ ಎರಡೇ ಮಾತಿನಲ್ಲಿ ಹೇಳಿದಳು. ಅವನು ಓದಿದವನು, ಅಷ್ಟು ಸಾಕಾಯಿತು.

ಬ್ಯಾಟರಾಯಪ್ಪನವರು ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ. "ಬೊಟ್ಟು ಗಿಟ್ಟು ನಂಗ್ ತಿಳೀಯಾಕಿಲ್ಲ. ಕಂಪನಿಯೋರು ಕೇಳಿರೋದು ಸೈನು. ಎಲ್ರಿಗೂ ಒಳ್ಳೇದಾಯ್ತದೆ ಅಂದ್ರೆ ನಿಂಗೇನವ್ವ ಕಷ್ಟ?"

ರತ್ನಕ್ಕ ಕಾಗದ ಕೆಳಗಿಟ್ಟಳು. ಧ್ವನಿ ಏರಿಸಲಿಲ್ಲ. "ಅಣ್ಣ, ತಪ್ಪು ಮಾಡಿದಾಗ ನಲವತ್ಮೂರು ಬಾಗ್ಲು ತಟ್ಟಿ ನಾನ್ ತಪ್ಪು ಮಾಡ್ದೆ ಅಂತ ಏಳಿದೀನಿ. ಯಾರೂ ಕೇಳಿರ್ಲಿಲ್ಲ, ನಾನಾಗೇ ಓಗಿ ಏಳ್ದೆ. ಮಾಡ್ದೇ ಇರೋ ತಪ್ಪಿಗೆ ನೀವ್ ಕೇಳಿದ್ರೂ ಏಳಾಕಿಲ್ಲ. ನೀವ್ ಜಾಗ ಕೊಟ್ಟಿದ್ದು ಸಾಯೋವರ್ಗೂ ಮರೆಯಾಕಿಲ್ಲ. ಜಾಗ ನಿಮ್ದು, ತಗೊಳ್ಳಿ. ಕೆಲ್ಸ ನಂದು."

ಸೊಂಟದಿಂದ ಅಂಗಡಿಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷದ ಸಾಮಾನನ್ನು ಎಲ್ಲಿಗೆ ಸಾಗಿಸುವುದೆಂದು ಅವಳಿಗೆ ಗೊತ್ತಿರಲಿಲ್ಲ. ಭಯ ಇತ್ತು, ನಿಜವಾಗಿಯೂ ಇತ್ತು. ಆದರೂ ಇಟ್ಟ ಬೀಗದ ಕೈಯನ್ನು ಅವಳು ತಿರುಗಿ ನೋಡಲಿಲ್ಲ.

ಬ್ಯಾಟರಾಯಪ್ಪನವರೂ ಅದನ್ನು ಮುಟ್ಟಲಿಲ್ಲ. ಅವರಿಗೆ ಇಷ್ಟು ದೂರ ಹೋದೀತೆಂದು ಅನಿಸಿರಲಿಲ್ಲ. ಮುಖ ಉಳಿಸಿಕೊಳ್ಳಲು ಗುರುಚರಣ್ ಕಡೆ ತಿರುಗಿದರು. "ಎಣ್ಣೆ ಮಾಡ್ಬುಟ್ಟವ್ಳೆ. ಓಗಿ ಇನ್ನೊಂದು ಪ್ರಿಂಟ್ ತೆಗ್ಸಪ್ಪ, ಆಮೇಲೆ ಮಾತಾಡಾನ."

ಗುರುಚರಣ್ ಕದಲಲಿಲ್ಲ.

"ತೆಗ್ಸಲ್ಲ ಸಾರ್," ಎಂದ.

"ಯಾಕೆ?"

"ಅಗಲ ಜಾಸ್ತಿ ಮಾಡಿದ್ದು ನಾನು. ಇವರು ಕರೆಕ್ಟಾಗಿ ಇಟ್ಟಿದ್ರು." ಜೇಬಿನಿಂದ ಪೆನ್ನು ತೆಗೆದು ಕಾಗದವನ್ನು ಮಗುಚಿ ಹಾಕಿದ. ಎಣ್ಣೆ ಆ ಕಡೆಗೂ ಇಳಿದಿತ್ತು, ಅದನ್ನು ತಪ್ಪಿಸಿ ಮೇಲಿನ ತುದಿಯಿಂದ ಬರೆಯಲು ಶುರು ಮಾಡಿದ. ಕಂಪನಿಯಲ್ಲಿ ನಾಳೆ ಏನಾಗುತ್ತದೋ ಅವನಿಗೂ ಗೊತ್ತಿರಲಿಲ್ಲ.

ರತ್ನಕ್ಕ ಅವನ ಹಿಂದೆ ನಿಂತು ಒಂದೊಂದು ಸಾಲನ್ನೂ ಓದಿದಳು. "ಎರಡೂ ರೀಡಿಂಗ್ ಬರಿ," ಎಂದಳು. "ಇನ್ನೂರ ಮೂವತ್ತಕ್ಕೆ ಮೋಟ್ರು ಸುಡ್ತು, ನೂರ ಎಂಬತ್ತೊಂಬತ್ತಕ್ಕೆ ಬೆಳಕು ಸಮ ಬಂತು ಅಂತ ಬರಿ. ಓದಿದ ಇನ್ನೊಬ್ಬ ಎಂಜಿನಿಯರ್‌ಗೂ ಗೊತ್ತಾಗ್ಲಿ."

ಅವನು ಬರೆದು ಸಹಿ ಹಾಕಿದ. ರತ್ನಕ್ಕ ಮೇಜಿನ ಮೇಲಿದ್ದ ಬೀಗದ ಕೈಯನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲಿಳಿದು ಹೋಗಿ ಅಂಗಡಿ ತೆಗೆದಳು.